ಅಂಬಿಗನ ಹೆಸರು ಹೊತ್ತ ಶಿವಪುರ

ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಒಂದಾಗಿ, ಹರಿಹರದ ಹರಿಹರೇಶ್ವರನ ಸನ್ನಿಧಿಯನ್ನು ದಾಟಿ, ಮಲೆನಾಡಿನ ವೇಗವನ್ನೆಲ್ಲ ಹಿಂದೆ ಬಿಟ್ಟು ಬಯಲುಸೀಮೆಯ ಎರೆಭೂಮಿಯಲ್ಲಿ ಅಗಲವಾಗಿ ಹರಿಯತೊಡಗಿದ ಮೇಲೆ, ವರದೆಯು ಬಂದು ಕೂಡುವ ಗಳಗನಾಥದ ಸಂಗಮವನ್ನು ಮುಟ್ಟುವುದಕ್ಕೆ ಮುಂಚೆ, ಹೊಳೆಯ ಎಡದಂಡೆಯ ಮೇಲೆ ಒಂದು ಸಣ್ಣ ಊರು ಇದೆ. ರಾಣೇಬೆನ್ನೂರು ತಾಲೂಕಿಗೆ ಸೇರಿದ ಈ ಊರಿಗೆ ಶಾಸನಗಳು ಶಿವಪುರವೆಂದೂ ಮುಕ್ತಿಕ್ಷೇತ್ರವೆಂದೂ ಹೆಸರಿಟ್ಟಿವೆ. ಜನರು ಮಾತ್ರ ಚೌಡಯ್ಯದಾನಪುರವೆಂದೇ ಕರೆಯುತ್ತ ಬಂದಿದ್ದಾರೆ. ಈಗ ಇದು ಹಾವೇರಿ ಜಿಲ್ಲೆಯ ಗ್ರಾಮವಾದರೂ, ಆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ ಆದುದರಿಂದ, ಅದಕ್ಕೆ ಹಿಂದಿನ ಸುಮಾರು ಎರಡು ಶತಮಾನಗಳ ಕಾಗದಪತ್ರಗಳಲ್ಲಿ, ಸಂಶೋಧನ ಗ್ರಂಥಗಳಲ್ಲಿ ಇದು ಧಾರವಾಡ ಜಿಲ್ಲೆಯ ಊರಾಗಿಯೇ ಕಾಣುತ್ತದೆ. ಧಾರವಾಡದವರು ಇದನ್ನು ತಮ್ಮದೆಂದು ಹೇಳಿಕೊಂಡರೆ ಯಾರೂ ಆಕ್ಷೇಪಿಸಲಾರರು. ಆದರೆ ಹಂಪೆ, ಬಾದಾಮಿ, ಐಹೊಳೆಗಳಿಗೆ ವರ್ಷಕ್ಕೊಮ್ಮೆಯಾದರೂ ಮಕ್ಕಳುಮರಿಗಳನ್ನು ಕಟ್ಟಿಕೊಂಡು ಹೋಗಿ ಬರುವ ಹುಬ್ಬಳ್ಳಿ-ಧಾರವಾಡದ ಮನೆತನಗಳಲ್ಲಿ ಈ ಊರನ್ನು ಕಣ್ಣಾರೆ ಕಂಡವರು ಬಹಳಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಈ ಹೊಳೆದಂಡೆಯನ್ನು ಆಳಿದವರು ಗುತ್ತಲದ ಗುತ್ತರು. ಶಾಸನಗಳ ಗುತ್ತವೊಳಲೇ ಇಂದಿನ ಗುತ್ತಲ. ಇವರು ಸಾಮ್ರಾಟರಲ್ಲ, ಸಾಮ್ರಾಟರ ಅಡಿಯಾಳಾದ ಮಾಂಡಲಿಕರು. ಆದರೆ ವಂಶಪ್ರಶಸ್ತಿಯ ವಿಷಯದಲ್ಲಿ ಇವರನ್ನು ಮೀರಿಸಿದವರು ಕರ್ನಾಟಕದ ಮಾಂಡಲಿಕರಲ್ಲಿ ವಿರಳ. ಮಗಧ-ಮಾಳವಗಳನ್ನು ಆಳಿದ ಗುಪ್ತಚಕ್ರವರ್ತಿಗಳ ಸಂತತಿ ತಾವೆಂದೂ, ಚಂದ್ರಗುಪ್ತನೂ ಉಜ್ಜಯಿನಿಯ ವಿಕ್ರಮಾದಿತ್ಯನೂ ತಮ್ಮ ಮೂಲಪುರುಷರೆಂದೂ ಇವರು ಬರೆಸಿಕೊಂಡರು. ಉಜ್ಜಯಿನೀಪುರವರಾಧೀಶ್ವರರೆಂಬ ಬಿರುದನ್ನು ಧರಿಸಿದರು. ಧ್ವಜದ ಮೇಲೆ ವಟವೃಕ್ಷವನ್ನೂ ಗರುಡನನ್ನೂ, ಲಾಂಛನವಾಗಿ ಸಿಂಹವನ್ನೂ ಇಟ್ಟುಕೊಂಡರು. ಮಾಳವದಿಂದ ವರದಾ-ತುಂಗಭದ್ರೆಯರ ನಡುವಣ ಈ ಸಣ್ಣ ನಾಡಿಗೆ ಒಂದು ರಾಜವಂಶ ಹೇಗೆ ಬಂದೀತೆಂದು ಕೇಳಿದರೆ ಇತಿಹಾಸ ಸುಮ್ಮನಾಗುತ್ತದೆ. ಬನವಾಸಿಯ ಕದಂಬರ ಹೆಸರನ್ನು ಹಾನುಗಲ್ಲಿನವರೂ ಗೋವೆಯವರೂ ಹಂಚಿಕೊಂಡಂತೆ, ಹಳೆಯ ಕೀರ್ತಿಯ ನೆರಳಿನಲ್ಲಿ ನಿಲ್ಲುವ ಆಸೆ ಆ ಕಾಲದ ಸಣ್ಣ ಅರಸರಿಗೆಲ್ಲ ಇತ್ತು. ಗುತ್ತರು ಆ ನೆರಳನ್ನು ಕೊಂಚ ದೂರದಿಂದ ತಂದರು, ಅಷ್ಟೆ.

ಈ ವಂಶದಲ್ಲಿ ಜೋಮ, ವಿಕ್ರಮಾದಿತ್ಯ, ಗುತ್ತ ಎಂಬ ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಮರುಕಳಿಸುತ್ತ ಹೋಗುವುದರಿಂದ ಓದುಗನ ತಲೆ ತಿರುಗುವುದು ಸಹಜ. ಅವರೊಳಗೆ ಹನ್ನೆರಡನೆಯ ಶತಮಾನದ ಕಡೆಯ ಭಾಗದಿಂದ ಹದಿಮೂರನೆಯದರ ಮೊದಲ ದಶಕಗಳವರೆಗೆ ಆಳಿದ ಎರಡನೆಯ ವೀರವಿಕ್ರಮಾದಿತ್ಯನು ಹೆಚ್ಚು ಪ್ರಸಿದ್ಧನು. ಅವನು ಬಾಳಿದ ಕಾಲವನ್ನು ನೆನೆದರೆ ಅವನ ಮೇಲೆ ಕನಿಕರವೂ ಹುಟ್ಟುತ್ತದೆ, ಗೌರವವೂ ಹುಟ್ಟುತ್ತದೆ. ಕಲ್ಯಾಣದ ಚಾಳುಕ್ಯರ ಸಿಂಹಾಸನವನ್ನು ಕಳಚೂರಿ ಬಿಜ್ಜಳನು ಕಿತ್ತುಕೊಂಡದ್ದು, ಬಿಜ್ಜಳನ ಕೊಲೆಯಾಗಿ ಕಲ್ಯಾಣವು ಅಲ್ಲೋಲಕಲ್ಲೋಲವಾದದ್ದು, ಅವನ ಮಕ್ಕಳು ಒಬ್ಬರ ಹಿಂದೊಬ್ಬರು ಅಳಿದದ್ದು, ಚಾಳುಕ್ಯರು ಮತ್ತೆ ಒಂದು ಗಳಿಗೆ ತಲೆಯೆತ್ತಿ ಮುಳುಗಿದ್ದು, ಉತ್ತರದಿಂದ ದೇವಗಿರಿಯ ಸೇವುಣರೂ ದಕ್ಷಿಣದಿಂದ ಹೊಯ್ಸಳರೂ ಈ ನಾಡಿನ ಮೇಲೆ ಏಕಕಾಲದಲ್ಲಿ ಎರಗಿದ್ದು, ಇವೆಲ್ಲವೂ ಒಬ್ಬ ಮನುಷ್ಯನ ಆಯುಷ್ಯದೊಳಗೆ ಅಡಗುವಷ್ಟು ಅವಧಿಯಲ್ಲಿ ನಡೆದುವು. ಗದಗಿಗೆ ಸಮೀಪದ ಸೊರಟೂರಿನ ಬಯಲಿನಲ್ಲಿ ಹೊಯ್ಸಳ ವೀರಬಲ್ಲಾಳನು ಸೇವುಣ ಭಿಲ್ಲಮನ ಸೈನ್ಯವನ್ನು ಮುರಿದನು. 1192ರ ವೇಳೆಗೆ ಲೊಕ್ಕಿಗುಂಡಿಯಲ್ಲಿ, ಅಂದರೆ ಇಂದಿನ ಲಕ್ಕುಂಡಿಯಲ್ಲಿ, ಬೀಡುಬಿಟ್ಟು ಆಳುತ್ತಿದ್ದನು. ಇನ್ನೆರಡು ದಶಕಗಳು ಕಳೆಯುವಷ್ಟರಲ್ಲಿ ಸೇವುಣ ಸಿಂಘಣನು ಮತ್ತೆ ಬಂದು ಹೊಯ್ಸಳರನ್ನು ತುಂಗಭದ್ರೆಯ ಆಚೆಗೆ ನೂಕಿದನು. ಎರಡು ಆನೆಗಳು ಕಾದಾಡುವ ಅಂಗಳದಲ್ಲಿ ಮನೆ ಕಟ್ಟಿಕೊಂಡಿದ್ದ ಗುತ್ತರು, ಗೆದ್ದವರಿಗೆ ಕಪ್ಪವೊಪ್ಪಿಸುತ್ತ, ಶಾಸನದ ಮೊದಲ ಸಾಲುಗಳಲ್ಲಿ ಆಯಾ ಕಾಲದ ಸಾರ್ವಭೌಮನ ಹೆಸರನ್ನು ಬದಲಾಯಿಸುತ್ತ, ಗುಡಿಗೆ ಬಿಟ್ಟ ದತ್ತಿಯನ್ನು ಮಾತ್ರ ತಪ್ಪದೆ ನಡೆಸಿಕೊಂಡು ಬಂದರು.

ಆ ದತ್ತಿಗಳನ್ನು ಉಂಡು ಬೆಳೆದ ಮುಕ್ತೇಶ್ವರ ದೇವಾಲಯವು ಹೊಳೆಯಂಚಿನಲ್ಲಿ ಇಂದಿಗೂ ನಿಂತಿದೆ. ಮೊದಲ ನೋಟಕ್ಕೆ ಇದು ಇಷ್ಟೇನೆ ಎನಿಸುವಷ್ಟು ಚಿಕ್ಕದು. ಗರ್ಭಗೃಹ ಒಂದೇ, ಅದರ ಮುಂದೆ ಅಂತರಾಳ, ಅದರ ಮುಂದೆ ಮಂಟಪ, ಮೇಲೆ ಅಂತಸ್ತು ಅಂತಸ್ತಾಗಿ ಏರುವ ಶಿಖರ, ಆ ಶಿಖರದ ಮುಂಭಾಗದಲ್ಲಿ ಮೂಗಿನಂತೆ ಚಾಚಿಕೊಂಡ ಶುಕನಾಸಿ. ಒಳಗಿರುವ ಲಿಂಗವು ಯಾರೂ ಪ್ರತಿಷ್ಠಿಸಿದ್ದಲ್ಲವೆಂದೂ ತಾನಾಗಿ ಉದ್ಭವಿಸಿದ್ದೆಂದೂ ಭಕ್ತರು ನಂಬುತ್ತಾರೆ. ಗಾತ್ರದಿಂದ ಇದನ್ನು ಅಳೆಯುವವರು ಇಟಗಿಯ ಮಹಾದೇವನ ಗುಡಿಯನ್ನೋ ಲಕ್ಕುಂಡಿಯ ಕಾಶಿವಿಶ್ವೇಶ್ವರನನ್ನೋ ನೋಡಿ ತೃಪ್ತರಾಗಲಿ. ಆದರೆ ಕಟ್ಟಡದ ಒಂದೊಂದು ಅಂಗವೂ ಮತ್ತೊಂದಕ್ಕೆ ಹೊಂದುವ ಪ್ರಮಾಣಜ್ಞಾನವನ್ನೂ, ನೆಲಗಟ್ಟಿನ ಪಟ್ಟಿಕೆಯಿಂದ ಕಳಸದವರೆಗೆ ಕಣ್ಣು ಎಲ್ಲಿಯೂ ಎಡವದೆ ಏರುವ ಸೊಗಸನ್ನೂ ಅರಿಯಬಲ್ಲವರು ಇದರ ಮುಂದೆ ಬಹಳ ಹೊತ್ತು ನಿಲ್ಲಬೇಕಾಗುತ್ತದೆ.

ಈ ಸೊಗಸಿಗೆ ಒಂದು ಕಾರಣ ಕಲ್ಲು. ಬಾದಾಮಿ-ಪಟ್ಟದಕಲ್ಲುಗಳ ಶಿಲ್ಪಿಗಳು ದಪ್ಪ ಹರಳಿನ ಮರಳುಗಲ್ಲನ್ನು ಕೆತ್ತಿದವರು. ಆ ಕಲ್ಲಿಗೆ ಗಾಂಭೀರ್ಯ ಉಂಟು, ಆದರೆ ಸೂಕ್ಷ್ಮವಾದ ಕೆಲಸವನ್ನು ಅದು ತಾಳುವುದಿಲ್ಲ. ಕಲ್ಯಾಣದ ಚಾಳುಕ್ಯರ ಕಾಲಕ್ಕೆ ಧಾರವಾಡ ಸೀಮೆಯ ಶಿಲ್ಪಿಗಳ ಕೈಗೆ ಬಂದದ್ದು ಹಸಿರು ಛಾಯೆಯ, ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಬಳಪದ ಕಲ್ಲು. ಕಂಬವನ್ನು ತಿರುಗಣಿಗೆ ಹಾಕಿ ಬಳೆ ಬಳೆಯಾಗಿ ಕಡೆಯುವುದೂ, ಬಾಗಿಲುವಾಡದ ಮೇಲೆ ಲತೆಯನ್ನು ಎಳೆ ಎಳೆಯಾಗಿ ಬಿಡಿಸುವುದೂ, ಗೋಡೆಯ ಮೇಲೆ ಪುಟ್ಟ ಪುಟ್ಟ ಶಿಖರಗಳನ್ನು ಆಭರಣದಂತೆ ತೊಡಿಸುವುದೂ ಈ ಕಲ್ಲಿನಿಂದ ಸಾಧ್ಯವಾಯಿತು. ಮುಂದೆ ಹೊಯ್ಸಳರ ಬೇಲೂರು-ಹಳೇಬೀಡುಗಳಲ್ಲಿ ಪರಾಕಾಷ್ಠೆಗೇರಿದ ಕುಸುರಿ ಕೆಲಸದ ಮೊದಲ ಪಾಠ ನಡೆದದ್ದು ಲಕ್ಕುಂಡಿ, ಗದಗು, ಹಾವೇರಿ, ಅಣ್ಣಿಗೇರಿಗಳ ಈ ಪಾಠಶಾಲೆಯಲ್ಲಿ. ಬೇಲೂರಿನ ಗುಡಿಗಳಲ್ಲಿ ದುಡಿದ ಶಿಲ್ಪಿಗಳಲ್ಲಿ ಲೊಕ್ಕಿಗುಂಡಿಯವರೂ ಬಳ್ಳಿಗಾವೆಯವರೂ ಇದ್ದರೆಂಬುದನ್ನು ಅಲ್ಲಿಯ ಬರಹಗಳೇ ಹೇಳುತ್ತವೆ. ನಮ್ಮ ಕಡೆಯ ಹಳ್ಳಿಗರಿಗೆ ಮಾತ್ರ ಇಂಥ ಪ್ರತಿಯೊಂದು ಗುಡಿಯೂ ಜಕಣಾಚಾರಿ ಒಂದೇ ರಾತ್ರಿಯಲ್ಲಿ ಕಟ್ಟಿ ಬಿಟ್ಟುಹೋದದ್ದು. ಹಿರಿಯರ ಈ ಮಾತನ್ನು ಕೇಳಿಕೊಂಡ ಇಂಗ್ಲಿಷ್ ಅಧಿಕಾರಿಗಳು ಗ್ಯಾಸೆಟಿಯರುಗಳಲ್ಲಿ ಜಕಣಾಚಾರ್ಯ ಶೈಲಿ ಎಂಬ ಒಂದು ಹೆಸರನ್ನೇ ಚಲಾವಣೆಗೆ ತಂದುಬಿಟ್ಟರು. ಅಷ್ಟೊಂದು ಗುಡಿಗಳನ್ನು ಒಬ್ಬ ಆಚಾರಿ ಕಟ್ಟಬೇಕಾದರೆ ಅವನು ಮುನ್ನೂರು ವರ್ಷ ಬದುಕಿರಬೇಕಾದೀತೆಂಬ ಶಂಕೆ ಅವರಿಗೆ ಬಂದಿತ್ತೋ ಇಲ್ಲವೋ.

ಶಿಲ್ಪಕ್ಕಿಂತ ದೊಡ್ಡ ಸಂಪತ್ತು ಗುಡಿಯ ಆವರಣದಲ್ಲಿ ನಿಂತ ಶಾಸನಗಳು. ಏಳು ದೀರ್ಘ ಶಾಸನಗಳು ಇಲ್ಲಿವೆ. ಅವುಗಳ ಕನ್ನಡವು ಲೆಕ್ಕಪತ್ರದ ಕನ್ನಡವಲ್ಲ, ಚಂಪೂಕಾವ್ಯಗಳನ್ನು ಓದಿ ಅರಗಿಸಿಕೊಂಡ ಪಂಡಿತರ ಕನ್ನಡ. ಗದ್ಯವೂ ಪದ್ಯವೂ ಹೆಣೆದುಕೊಂಡು, ಶಂಭುವಿನ ಸ್ತುತಿಯಿಂದ ತೊಡಗಿ, ಸಾರ್ವಭೌಮನನ್ನು ಹೊಗಳಿ, ಗುತ್ತರ ವಂಶವನ್ನು ಉಜ್ಜಯಿನಿಯಿಂದ ಗುತ್ತವೊಳಲಿನವರೆಗೆ ಇಳಿಸಿ, ಸ್ಥಳದ ಮಹಿಮೆಯನ್ನೂ ಹೊಳೆಯ ಪಾವನತ್ವವನ್ನೂ ಬಣ್ಣಿಸಿ, ಆಮೇಲೆ ದಾನದ ವಿವರಕ್ಕೆ ಬರುತ್ತವೆ. ಅಂಗಭೋಗ, ರಂಗಭೋಗ, ನಂದಾದೀವಿಗೆ, ತಪೋಧನರ ಆಹಾರದಾನ, ಖಂಡಸ್ಫುಟಿತ ಜೀರ್ಣೋದ್ಧಾರ ಎಂದು ಮೊದಲಾಗಿ ಆ ಯುಗದ ದಾನಶಾಸನಗಳಲ್ಲಿ ಪುನಃ ಪುನಃ ಬರುವ ಮಾತುಗಳು ಬರಿಯ ಅಲಂಕಾರಗಳಲ್ಲ. ದೇವರ ಮೈಗೆ ಗಂಧಾಕ್ಷತೆ, ಅವನೆದುರು ನೃತ್ಯಗೀತ, ಆರದ ದೀಪಕ್ಕೆ ಎಣ್ಣೆ, ಮಠದಲ್ಲಿದ್ದವರಿಗೆ ಅನ್ನ, ಒಡೆದುಹೋದದ್ದಕ್ಕೆ ದುರಸ್ತಿ, ಹೀಗೆ ಒಂದೊಂದು ವೆಚ್ಚಕ್ಕೂ ಇಷ್ಟು ಮತ್ತರು ಭೂಮಿ, ಇಷ್ಟು ಗದ್ಯಾಣ ಹೊನ್ನು, ಇಂಥ ಸುಂಕದ ಇಷ್ಟು ಪಾಲು ಎಂದು ಗೊತ್ತುಪಡಿಸಿಟ್ಟ ಆಯವ್ಯಯ ಪತ್ರವದು. ಕೊನೆಗೆ, ಈ ಧರ್ಮವನ್ನು ಕೆಡಿಸಿದವನಿಗೆ ಗಂಗಾತೀರದಲ್ಲಿ ಕವಿಲೆಯನ್ನು ಕೊಂದ ಪಾಪ ಬರಲೆಂಬ ಶಾಪ. ಪೊಲೀಸು ಕಚೇರಿಗಳಿಲ್ಲದ ಕಾಲದಲ್ಲಿ ಅದಕ್ಕಿಂತ ಗಟ್ಟಿಯಾದ ಕಾವಲು ಬೇರೆ ಇರಲಿಲ್ಲ.

ಶಾಸನಗಳು ಹೇಳುವ ಗುರುಗಳಲ್ಲಿ ಇಬ್ಬರನ್ನು ಮರೆಯುವಂತಿಲ್ಲ. ಮೊದಲನೆಯವನು ಮುಕ್ತಜೀಯನು. ಇವನು ಲಾಕುಲಶೈವ ಮಾರ್ಗದವನು; ಅಂದರೆ ಬಳ್ಳಿಗಾವೆಯ ಕೋಡಿಯಮಠದಂಥ ವಿದ್ಯಾಪೀಠಗಳನ್ನು ಕಟ್ಟಿ, ವ್ಯಾಕರಣ-ನ್ಯಾಯಗಳಿಂದ ಯೋಗದವರೆಗೆ ಪಾಠ ಹೇಳಿ, ಗುಡಿಗಳ ಆಸ್ತಿಯನ್ನೂ ಶಿಸ್ತಿನಿಂದ ನೋಡಿಕೊಂಡು, ಎರಡು ಮೂರು ಶತಮಾನಗಳ ಕಾಲ ಕನ್ನಡನಾಡಿನ ಶೈವ ಜೀವನವನ್ನು ನಡೆಸಿದ ಸನ್ಯಾಸಿಗಳ ಪರಂಪರೆಗೆ ಸೇರಿದವನು. ಎರಡನೆಯವನು ಶಿವದೇವನು. ಶಾಲಿವಾಹನ ಶಕ 1147ನೆಯ ಪಾರ್ಥಿವ ಸಂವತ್ಸರದಲ್ಲಿ, ನಮ್ಮ ಲೆಕ್ಕದಂತೆ 1225ರ ಆಗಸ್ಟ್ 19ರಂದು, ಈ ವೀರಶೈವ ಯತಿಯು ಮುಕ್ತಿಕ್ಷೇತ್ರವನ್ನು ಪ್ರವೇಶಿಸಿ, ದೀರ್ಘಕಾಲ ಇಲ್ಲಿಯೇ ವೈರಾಗ್ಯದಿಂದ ತಪಸ್ಸನ್ನಾಚರಿಸಿಕೊಂಡಿದ್ದನು. ರಾಜರು ಪಟ್ಟಕ್ಕೆ ಬಂದ ದಿನವೂ ತಿಳಿಯದ ಆ ಕಾಲದಲ್ಲಿ ಒಬ್ಬ ಸನ್ಯಾಸಿ ಒಂದು ಊರಿಗೆ ಕಾಲಿಟ್ಟ ದಿನವನ್ನು ಜನರು ಕಲ್ಲಿನಲ್ಲಿ ಬರೆಸಿಟ್ಟರೆಂದ ಮೇಲೆ, ಅವನನ್ನು ಅವರು ಎಷ್ಟರಮಟ್ಟಿಗೆ ನಚ್ಚಿದ್ದರೆಂಬುದನ್ನು ಊಹಿಸಬಹುದು.

ಮುಕ್ತಜೀಯನಿಂದ ಶಿವದೇವನವರೆಗಿನ ಈ ದಾರಿಯು ಒಂದು ಊರಿನ ಕಥೆಯಷ್ಟೇ ಆಗಿ ಉಳಿಯುವುದಿಲ್ಲ. ಇದೇ ಜಿಲ್ಲೆಯ ಅಬ್ಬಲೂರಿನಲ್ಲಿ ಏಕಾಂತದ ರಾಮಯ್ಯನು ಜೈನರೊಡನೆ ಪಂಥ ಕಟ್ಟಿ, ತನ್ನ ತಲೆಯನ್ನೇ ಅರಿದು ಶಿವನಿಗೆ ಒಪ್ಪಿಸಿ ಮತ್ತೆ ಪಡೆದನೆಂಬ ವೃತ್ತಾಂತವನ್ನು ಅಲ್ಲಿಯ ಶಾಸನವೂ ಶಿಲ್ಪವೂ ಸಾರುತ್ತಿವೆ. ಅಲ್ಲಿ ಕಾಣುವುದು ಗುಡುಗು-ಮಿಂಚು. ಚೌಡಯ್ಯದಾನಪುರದಲ್ಲಾದರೋ ಅಂಥ ಗದ್ದಲದ ಸುಳಿವಿಲ್ಲ. ಅದೇ ಗುಡಿ, ಅದೇ ದೇವರು, ಅದೇ ಅರಸುಮನೆತನದ ಆಶ್ರಯದಲ್ಲಿ ಹಳೆಯ ಶೈವವು ಹೊಸ ಶೈವಕ್ಕೆ ಎಡೆಮಾಡಿಕೊಟ್ಟಿತು. ಶರಣರ ಧರ್ಮವು ಕಲ್ಯಾಣದ ಕ್ಷೋಭೆಯ ಅನಂತರ ಹಳ್ಳಿ ಹಳ್ಳಿಗಳಲ್ಲಿ ಬೇರೂರಿದ ಬಗೆಯನ್ನು ತಿಳಿಯಬಯಸುವವರಿಗೆ ಅಬ್ಬಲೂರಿನ ಪವಾಡಕ್ಕಿಂತ ಈ ಹೊಳೆದಂಡೆಯ ಸದ್ದಿಲ್ಲದ ಬದಲಾವಣೆಯೇ ಹೆಚ್ಚು ಕಲಿಸೀತೆಂದು ನನ್ನ ಅಭಿಪ್ರಾಯ.

ಇನ್ನು ಊರಿಗೆ ಹೆಸರು ಕೊಟ್ಟ ಮಹಾನುಭಾವನ ಮಾತು. ಅಂಬಿಗರ ಚೌಡಯ್ಯನು ಬಸವಣ್ಣನವರ ಸಮಕಾಲೀನನೆಂದು ಪ್ರಸಿದ್ಧನಾದ ವಚನಕಾರ. ದೋಣಿ ನಡೆಸುವುದು ಅವನ ಕಾಯಕ. ಉಳಿದ ಶರಣರು ಕೂಡಲಸಂಗಮದೇವ, ಗುಹೇಶ್ವರ, ಚೆನ್ನಮಲ್ಲಿಕಾರ್ಜುನ ಎಂದು ತಮ್ಮ ತಮ್ಮ ಇಷ್ಟದೈವದ ಹೆಸರಿನಲ್ಲಿ ವಚನವನ್ನು ಮುಗಿಸಿದರೆ, ಈತನೊಬ್ಬನು ತನ್ನ ಹೆಸರನ್ನೇ ಅಂಕಿತವಾಗಿಟ್ಟನು. ಅಹಂಕಾರದಿಂದ ಹಾಗೆ ಮಾಡಿದನೆಂದು ಯಾರಿಗಾದರೂ ತೋರಿದರೆ ಅವರು ಅವನ ವಚನಗಳನ್ನು ಓದಬೇಕು. ಡಾಂಭಿಕ ಭಕ್ತರನ್ನೂ, ವೇಷದ ಗುರುಗಳನ್ನೂ, ಕುಲದ ಹೆಮ್ಮೆಯವರನ್ನೂ ಆತ ಬೈದ ಬೈಗುಳಕ್ಕೆ ಹೊಣೆಗಾರ ತಾನೇ ಆಗಬೇಕು, ದೇವರನ್ನು ಅದರೊಳಗೆ ಎಳೆಯಬಾರದು ಎಂಬ ಪ್ರಾಮಾಣಿಕತೆಯೇ ಅಲ್ಲಿ ಕಾಣುತ್ತದೆ. ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ನೆಲೆಸಿದ ಫ. ಗು. ಹಳಕಟ್ಟಿಯವರು ತಾಡವೋಲೆಗಳನ್ನು ಹುಡುಕಿ ವಚನಗಳನ್ನು ಅಚ್ಚಿಗೆ ತಂದ ಮೇಲೆ ಸುಶಿಕ್ಷಿತರಿಗೂ ಆ ಕಟುನುಡಿಯ ರುಚಿ ಹತ್ತಿತು.

ಐತಿಹ್ಯದ ಪ್ರಕಾರ ಗುತ್ತರ ಅರಸನು ಚೌಡಯ್ಯನ ಮಹಿಮೆಗೆ ಮೆಚ್ಚಿ ಈ ಭೂಮಿಯನ್ನು ಅವನಿಗೆ ಕೊಟ್ಟನು. ಚೌಡಯ್ಯನು ಅದನ್ನು ತಾನಿಟ್ಟುಕೊಳ್ಳದೆ ತನ್ನ ಗುರುವಾದ ಶಿವದೇವನಿಗೆ ಅರ್ಪಿಸಿದನು. ಅಂದಿನಿಂದ ಶಿವಪುರವು ಚೌಡಯ್ಯದಾನಪುರವಾಯಿತು. ಪಂಚಾಂಗವನ್ನು ಕೈಯಲ್ಲಿ ಹಿಡಿದು ಕುಳಿತವರಿಗೆ ಇಲ್ಲೊಂದು ತೊಡಕು ಕಾಣದೆ ಇರದು. ಬಸವಣ್ಣನವರ ಕಾಲಕ್ಕೂ ಶಿವದೇವನು ಈ ಊರಿಗೆ ಬಂದ 1225ಕ್ಕೂ ನಡುವೆ ಆರು ದಶಕಗಳ ಹತ್ತಿರ ಅಂತರವಿದೆ. ತರುಣನಾಗಿ ಕಲ್ಯಾಣವನ್ನು ಕಂಡ ಚೌಡಯ್ಯ ಮುಪ್ಪಿನಲ್ಲಿ ಶಿವದೇವನಿಗೆ ಶಿಷ್ಯನಾದನೋ, ಅಥವಾ ಎರಡು ತಲೆಮಾರುಗಳ ನೆನಪುಗಳು ಜನರ ಬಾಯಲ್ಲಿ ಒಂದರೊಳಗೊಂದು ಬೆರೆತುವೋ, ಪಂಡಿತರು ವಾದಿಸಲಿ. ಆದರೆ ಉಜ್ಜಯಿನಿಯವರೆಗೆ ವಂಶವೃಕ್ಷವನ್ನು ಚಾಚಿದ ಅರಸರ ಹೆಸರನ್ನು ಊರವರು ಉಳಿಸಿಕೊಳ್ಳದೆ, ಹೊಳೆ ದಾಟಿಸುವವನ ಹೆಸರನ್ನು ಉಳಿಸಿಕೊಂಡರೆಂಬುದರಲ್ಲಿ ವಾದವಿಲ್ಲ. ಮಳೆಗಾಲದಲ್ಲಿ ಎರಡೂ ದಡ ತುಂಬಿ ಕೆಂಪಾಗಿ ಹರಿಯುವ ತುಂಗಭದ್ರೆಗೆ ಸೇತುವೆಗಳಿಲ್ಲದಿದ್ದ ಆ ಶತಮಾನಗಳಲ್ಲಿ, ಬಿದಿರು ಹೆಣೆದು ಚರ್ಮ ಹೊದಿಸಿದ ಹರಿಗೋಲನ್ನು ಸುಳಿಗೆ ಸಿಕ್ಕದಂತೆ ತಿರುಗಿಸುತ್ತ ಜನವನ್ನೂ ದನವನ್ನೂ ಕಾಳಿನ ಚೀಲವನ್ನೂ ಆಚೆ ಮುಟ್ಟಿಸುವ ಅಂಬಿಗನು ಅರಸನಿಗಿಂತ ನಿತ್ಯ ಬೇಕಾದವನು. ಈಗ ಹಾವೇರಿ ತಾಲೂಕಿನ ನರಸೀಪುರದಲ್ಲಿ ಚೌಡಯ್ಯನ ಹೆಸರಿನ ಗುರುಪೀಠವಿದೆ; ಜನವರಿ 21ರಂದು ಸರಕಾರದ ವತಿಯಿಂದಲೇ ಅವನ ಜಯಂತಿ ನಡೆಯುತ್ತದೆ. ಗುತ್ತರಿಗೆ ಜಯಂತಿಯಿಲ್ಲ.

ಹದಿಮೂರನೆಯ ಶತಮಾನದ ಉತ್ತರಾರ್ಧದಲ್ಲಿ ಗುತ್ತರು ಶಾಸನಗಳಿಂದ ಮರೆಯಾದರು. ಮುಂದೆ ವಿಜಯನಗರ, ವಿಜಾಪುರ, ಸವಣೂರು, ಮರಾಠರು, ಮೈಸೂರಿನ ಹೈದರ್-ಟಿಪ್ಪು ಎಂದು ಒಡೆಯರು ಬದಲಾದರು, ಹೊಳೆದಂಡೆಯ ಊರು ಅವರ ಗಮನಕ್ಕೆ ಬರಲಿಲ್ಲ. 1800ರ ಜೂನಿನಲ್ಲಿ ಬಂಡೆದ್ದ ಧೋಂಡಿಯಾ ವಾಘನನ್ನು ಬೆನ್ನಟ್ಟಿದ ಇಂಗ್ಲಿಷರ ಕರ್ನಲ್ ವೆಲ್ಲೆಸ್ಲಿಯ ದಂಡು ತುಂಗಭದ್ರೆಯನ್ನು ದಾಟಿ ರಾಣೇಬೆನ್ನೂರನ್ನು ಹಿಡಿಯಿತು. 1818ರಲ್ಲಿ ಪೇಶವೆಯ ಆಳಿಕೆ ಮುಗಿದು ಧಾರವಾಡ ಸೀಮೆ ಮುಂಬಯಿ ಸರಕಾರಕ್ಕೆ ಸೇರಿತು; ಹೊಳೆಯ ಆಚೆಯ ಹಡಗಲಿ ಸೀಮೆ ಮದರಾಸಿನದು. ಒಂದೇ ಮಾತು, ಒಂದೇ ಕುಲಾಚಾರ, ಒಂದೇ ಜಾತ್ರೆಗಳ ಜನರು, ಅಂಬಿಗನ ಹುಟ್ಟಿನ ಕೆಲವು ಹೊಡೆತಗಳಷ್ಟು ದೂರದಲ್ಲಿದ್ದುಕೊಂಡು, ಎರಡು ಪ್ರಾಂತಗಳ ಪ್ರಜೆಗಳಾಗಿ ಬಾಳಿದರು. ಬಳ್ಳಾರಿಯು 1953ರಲ್ಲಿ, ಧಾರವಾಡವು 1956ರಲ್ಲಿ ಮೈಸೂರಿಗೆ ಸೇರುವವರೆಗೆ ಈ ಹೊಳೆ ಗಡಿಯಾಗಿಯೇ ಉಳಿಯಿತು.

ಕಲ್ಲಿನ ಬರಹಕ್ಕೆ ಓದುಗರು ಮತ್ತೆ ಸಿಕ್ಕಿದ್ದು ಇದೇ ಅವಧಿಯಲ್ಲಿ. ಕಿತ್ತೂರಿನ ರಾಣಿ ಚೆನ್ನಮ್ಮನ ಸೆರೆಯಲ್ಲಿ 1824ರಲ್ಲಿ ಕೆಲವು ವಾರಗಳನ್ನು ಕಳೆದ ಕಂಪನಿ ಸರಕಾರದ ಅಧಿಕಾರಿ ವಾಲ್ಟರ್ ಎಲಿಯಟ್ಟನು, ಬಿಡುಗಡೆಯಾದ ಮೇಲೆ ಧಾರವಾಡದಲ್ಲಿ ಉದ್ಯೋಗದಲ್ಲಿದ್ದುಕೊಂಡು ಈ ಸೀಮೆಯ ಶಾಸನಗಳನ್ನು ಪ್ರತಿ ಮಾಡಿಸತೊಡಗಿ, ಒಟ್ಟು 595 ಶಾಸನಗಳ ಸಂಗ್ರಹವನ್ನು ಮಾಡಿದನು. ಸೆರೆಯಿಟ್ಟ ನಾಡಿನ ಮೇಲೆ ಹಗೆ ಸಾಧಿಸದೆ ಅದರ ಇತಿಹಾಸವನ್ನು ಕೂಡಿಹಾಕಿದ ಈ ಮನುಷ್ಯನಿಗೆ ನಾವು ಸಲ್ಲಿಸಬೇಕಾದ ಕೃತಜ್ಞತೆ ಇನ್ನೂ ಬಾಕಿಯಿದೆ. ಆ ಸಂಗ್ರಹವನ್ನು ಆಧರಿಸಿ, ತಾನೂ ಊರೂರು ಸುತ್ತಿ, ಜಾನ್ ಫ್ಲೀಟನು ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯನ್ನು ಬರೆದಾಗ ಗುತ್ತರಿಗೂ ಅದರಲ್ಲಿ ಒಂದು ಸ್ಥಾನ ದೊರೆಯಿತು. 1884ರ ಧಾರವಾಡ ಗ್ಯಾಸೆಟಿಯರಿನಲ್ಲಿ ಊರಿನ ಹೆಸರು ಇಂಗ್ಲಿಷರ ನಾಲಗೆಗೆ ಸಿಕ್ಕು ತಿರುಚಿದ ರೂಪದಲ್ಲಿ ಬಂದಿದೆ. ಕೊನೆಗೆ ಈ ಗುಡಿಯ ಶಿಲ್ಪವನ್ನೂ ಶಾಸನಗಳನ್ನೂ ಒಂದು ಇಡೀ ಗ್ರಂಥಕ್ಕೆ ವಸ್ತುವಾಗಿಸಿದವರು ಹಾವೇರಿಯ ಮಗಳಾಗಿ ಫ್ರಾನ್ಸ್ ದೇಶದ ಸೊಸೆಯಾದ ಡಾ. ವಸುಂಧರಾ ಫಿಲಿಯೋಜಾ ಮತ್ತು ಅವರ ಪತಿ, ಸಂಸ್ಕೃತ ವಿದ್ವಾಂಸ ಪಿಯೆರ್ ಸಿಲ್ವೆನ್ ಫಿಲಿಯೋಜಾ ಅವರು. 1995ರಲ್ಲಿ ದಿಲ್ಲಿಯಲ್ಲಿ ಪ್ರಕಟವಾದ ಆ ಗ್ರಂಥದ ಉಪಶೀರ್ಷಿಕೆಯೇ ಇದನ್ನು ಹೆಚ್ಚು ಜನರಿಗೆ ತಿಳಿಯದ ದೇವಾಲಯವೆಂದು ಕರೆದಿದೆ.

ಚೌಡಯ್ಯದಾನಪುರಕ್ಕೆ ಹೋದವರು ಅಲ್ಲಿಂದಲೇ ಹಿಂದಿರುಗಿದರೆ ಯಾತ್ರೆ ಅರ್ಧವಾದಂತೆ. ಹೊಳೆಯ ಗುಂಟ ಕೆಳಗೆ ಹರಳಹಳ್ಳಿಯಲ್ಲಿ ಸೋಮೇಶ್ವರನ ಗುಡಿಯಿದೆ. ಗುತ್ತರ ಶಾಸನಗಳು ಅಲ್ಲಿಯೂ ಉಂಟು. ಇನ್ನೂ ಕೆಳಗೆ, ವರದೆಯು ತುಂಗಭದ್ರೆಯನ್ನು ಸೇರುವಲ್ಲಿ, ಗಳಗೇಶ್ವರನ ಭವ್ಯವಾದ ಗುಡಿ ನಿಂತಿದೆ. ಮುಕ್ತೇಶ್ವರನ ಗುಡಿ ಲಾಲಿತ್ಯದ್ದಾದರೆ ಇದು ಬಲದ್ದು. ಬುಡದಿಂದ ಇಳಿಜಾರಾಗಿ ಮೆಟ್ಟಿಲು ಮೆಟ್ಟಿಲಾಗಿ ಒಳಸರಿಯುತ್ತ ಏರುವ ಇದರ ಅಧಿಷ್ಠಾನದಂಥದು ನಮ್ಮ ಸೀಮೆಯ ಬೇರೆ ಗುಡಿಗಳಲ್ಲಿ ಕಾಣದು. ಎರಡು ಹೊಳೆಗಳ ನೆರೆಯ ಬಾಯಲ್ಲಿ ನಿಲ್ಲಬೇಕಾದ ಕಟ್ಟಡಕ್ಕೆ ಶಿಲ್ಪಿಯು ಬೇಕೆಂದೇ ಇಂಥ ಪಾದವನ್ನು ಕೊಟ್ಟಿರಬೇಕು. ಗುತ್ತಲದಲ್ಲಿ ಶಾಲಾಮಾಸ್ತರರಾಗಿದ್ದ ವೆಂಕಟೇಶ ತಿರಕೋ ಕುಲಕರ್ಣಿಯವರು ತಮ್ಮ ಕಾದಂಬರಿಗಳಿಗೆ ಈ ದೇವರ ಹೆಸರನ್ನೇ ಕಾವ್ಯನಾಮವಾಗಿ ಇಟ್ಟುಕೊಂಡು ಗಳಗನಾಥರಾದರು. ಬರೆದ ಪುಸ್ತಕಗಳ ಗಂಟನ್ನು ಹೊತ್ತು ಊರೂರು ಅಲೆದು ಮಾರಿ ಉತ್ತರ ಕರ್ನಾಟಕಕ್ಕೆ ಕನ್ನಡ ಓದುವ ಚಟ ಹಿಡಿಸಿದರು.

ಹುಬ್ಬಳ್ಳಿಯಿಂದ ಬೆಂಗಳೂರು ರಸ್ತೆಯಲ್ಲಿ ಹಾವೇರಿ, ಹಾವೇರಿಯಿಂದ ಗುತ್ತಲ, ಗುತ್ತಲದಿಂದ ಗೋವಿನಜೋಳ-ಹತ್ತಿಯ ಹೊಲಗಳ ನಡುವೆ ಹೊಳೆ: ಬೆಳಿಗ್ಗೆ ಬೇಗ ಹೊರಟರೆ ಮೂರೂ ಗುಡಿಗಳನ್ನು ನೋಡಿಕೊಂಡು ಸಂಜೆಗೆ ಮನೆ ಸೇರಬಹುದು. ನೆರೆಯಿಳಿದು ಬಿಸಿಲೇರದ ಕಾರ್ತಿಕ-ಮಾರ್ಗಶಿರಗಳು ತಕ್ಕ ಕಾಲ. ಹೋಗುವವರಲ್ಲಿ ಎರಡು ವಿನಂತಿಗಳಿವೆ. ಶಾಸನದ ಕಲ್ಲುಗಳಿಗೆ ಎಣ್ಣೆ, ಅರಿಷಿಣ, ಕುಂಕುಮಗಳನ್ನು ಬಳಿಯಬೇಡಿರಿ. ಅವುಗಳ ಅಕ್ಷರಗಳೊಳಗೆ ಜಿಡ್ಡು ಕೂತರೆ ಎಂಟು ನೂರು ವರ್ಷ ಮಳೆಗಾಳಿಗಳು ಮಾಡದ ಕೇಡು ಎಂಟು ವರ್ಷಗಳಲ್ಲಿ ಆದೀತು. ಮತ್ತು ಹಳಗನ್ನಡ ಲಿಪಿಯನ್ನು ಓದಬಲ್ಲವರೊಬ್ಬರನ್ನು ಹೇಗಾದರೂ ಮಾಡಿ ಜೊತೆಗೆ ಕರೆದುಕೊಂಡು ಹೋಗಿರಿ. ಧಾರವಾಡದಲ್ಲಿ ಅಂಥವರಿಗೆ ಇನ್ನೂ ಬರವಿಲ್ಲ.